ಕೈಗಾರಿಕಾ ದೃಷ್ಟಿ ಕ್ಯಾಮೆರಾಗಳಿಗೆ ದತ್ತಾಂಶ ಕೇಬಲ್ ಮತ್ತು ಕನೆಕ್ಟರ್‌ಗಳ ಆಯ್ಕೆ
ಕಾರ್ಖಾನೆಯ ಸಾಲಿನಲ್ಲಿ ಸಾಗುವ ವಸ್ತುವಿನ ಚಿತ್ರ ಹಿಡಿದು, ಅಳತೆ ಸರಿಯಿದೆಯೇ, ಬಿರುಕು ಬಿಟ್ಟಿದೆಯೇ, ಮುಚ್ಚಳ ನೆಟ್ಟಗೆ ಕೂತಿದೆಯೇ ಎಂದು ಕಂಪ್ಯೂಟರಿನಿಂದ ತೀರ್ಮಾನ ಮಾಡಿಸುವ ವ್ಯವಸ್ಥೆಗೆ ಯಂತ್ರದೃಷ್ಟಿ ಎಂದು ಹೆಸರು. ಇಲ್ಲಿ ಬಳಸುವ ಕ್ಯಾಮೆರಾ ಚಿತ್ರವನ್ನು ಸಾಮಾನ್ಯವಾಗಿ ತನ್ನೊಳಗೆ ಉಳಿಸಿಕೊಳ್ಳುವುದಿಲ್ಲ, ಕುಗ್ಗಿಸುವುದೂ ಇಲ್ಲ. ಸಂವೇದಕ ಕೊಟ್ಟ ಪ್ರತಿ ಪಿಕ್ಸೆಲನ್ನೂ ಇದ್ದ ಹಾಗೆಯೇ, ಮುಂದಿನ ಚಿತ್ರ ಹುಟ್ಟುವುದರೊಳಗೆ ಹೊರಗೆ ಸಾಗಿಸುವುದು ಅದರ ಕೆಲಸ. ಆ ಸಾಗಾಟಕ್ಕಿರುವ ದಾರಿಯೇ ಕೇಬಲ್, ಅದರ ಎರಡು ತುದಿಗಳೇ ಕನೆಕ್ಟರ್. ವ್ಯವಸ್ಥೆಯನ್ನು ರೂಪಿಸುವವರು ಸಂವೇದಕ, ಮಸೂರ, ಬೆಳಕು ಇವುಗಳ ಬಗ್ಗೆ ವಾರಗಟ್ಟಲೆ ಯೋಚಿಸುತ್ತಾರೆ. ಇಂಟರ್‌ಫೇಸನ್ನು ವೇಗದ ಅಂಕಿ ನೋಡಿ ಆರಿಸುತ್ತಾರೆ. ಕೇಬಲನ್ನು ಎಲ್ಲಕ್ಕಿಂತ ಕೊನೆಗೆ, ಪರಿಕರಗಳ ಪಟ್ಟಿಯಲ್ಲಿ ಸೇರಿಸಿ ತರಿಸುತ್ತಾರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ಈ ಲೇಖನದ ವಾದ. ಇಂದಿನ ಇಂಟರ್‌ಫೇಸ್‌ಗಳನ್ನು ಒಂದರಿಂದೊಂದು ಬೇರ್ಪಡಿಸುವ ನಿಜವಾದ ಅಂಶಗಳು ಉದ್ದ, ವಿದ್ಯುತ್ ಪೂರೈಕೆ, ಚಲನೆಯನ್ನು ತಾಳುವ ಶಕ್ತಿ, ವಿದ್ಯುತ್ ಗದ್ದಲವನ್ನು ತಡೆಯುವ ಗುಣ. ಇವೆಲ್ಲವೂ ಇರುವುದು ಕೇಬಲಿನಲ್ಲೇ. ಆದ್ದರಿಂದ ಆಯ್ಕೆ ಆರಂಭವಾಗಬೇಕಾದದ್ದು ಕೇಬಲ್ ಹಾದುಹೋಗುವ ದಾರಿಯಿಂದ.

ಇತಿಹಾಸವೂ ಇದನ್ನೇ ಹೇಳುತ್ತದೆ. ಅನಲಾಗ್ ಕಾಲದಲ್ಲಿ ಆರ್‌ಎಸ್-170, ಸಿಸಿಐಆರ್ ಎಂಬ ದೂರದರ್ಶನ ಮಾನಕಗಳ ಸಂಕೇತ ಒಂದು ಏಕಾಕ್ಷ ಕೇಬಲಿನಲ್ಲಿ, ಬಿಎನ್‌ಸಿ ಕನೆಕ್ಟರ್ ಮೂಲಕ ಹೋಗುತ್ತಿತ್ತು. ಡಿಜಿಟಲ್ ಯುಗ ಬಂದಾಗ ತಯಾರಕರು ತಮ್ಮತಮ್ಮದೇ ಕೇಬಲ್‌ಗಳನ್ನು ಮಾಡಿಕೊಂಡರು. ಒಬ್ಬರ ಕೇಬಲ್ ಇನ್ನೊಬ್ಬರ ಕ್ಯಾಮೆರಾಕ್ಕೆ ಹೊಂದುತ್ತಿರಲಿಲ್ಲ. ಈ ಗೊಂದಲ ಕೊನೆಗಾಣಿಸಲು 2000ದಲ್ಲಿ ಕ್ಯಾಮೆರಾ ಲಿಂಕ್ ಬಂತು. ಅದೇ ಕಾಲದಲ್ಲಿ, 1995ರ ಐಇಇಇ 1394 ಮಾನಕದ ಫೈರ್‌ವೈರ್, ಸೆಕೆಂಡಿಗೆ 400 ಮೆಗಾಬಿಟ್ ವೇಗ ಮತ್ತು 4.5 ಮೀಟರ್ ಕೇಬಲಿನ ಮಿತಿಯೊಂದಿಗೆ, ಸಣ್ಣ ವ್ಯವಸ್ಥೆಗಳಲ್ಲಿ ಜಾಗ ಹಿಡಿಯಿತು. 2006ರಲ್ಲಿ ಸಾಮಾನ್ಯ ಈಥರ್ನೆಟ್ ಮೇಲೆ ಓಡುವ ಗಿಗ್‌ಇ ವಿಷನ್, 2013ರಲ್ಲಿ ಯುಎಸ್‌ಬಿ3 ವಿಷನ್ ಪ್ರಕಟವಾದವು. ಇವುಗಳ ಹಿಂದಿದ್ದದ್ದು ಅಮೆರಿಕದ ಆಟೊಮೇಟೆಡ್ ಇಮೇಜಿಂಗ್ ಅಸೋಸಿಯೇಷನ್. ಜಪಾನ್ ಇಂಡಸ್ಟ್ರಿಯಲ್ ಇಮೇಜಿಂಗ್ ಅಸೋಸಿಯೇಷನ್ ನೋಡಿಕೊಳ್ಳುವ ಕೋಆಕ್ಸ್‌ಪ್ರೆಸ್ ಹಳೆಯ ಏಕಾಕ್ಷ ಕೇಬಲನ್ನೇ ಗಿಗಾಬಿಟ್ ವೇಗಕ್ಕೆ ಏರಿಸಿತು. 2019ರ ಎರಡನೆಯ ಆವೃತ್ತಿಯಲ್ಲಿ ಒಂದು ಕೇಬಲಿಗೆ ಸೆಕೆಂಡಿಗೆ 12.5 ಗಿಗಾಬಿಟ್ ತಲುಪಿತು. ಆದರೆ ಈ ಕಥೆಯಲ್ಲಿ ಅತಿ ಮುಖ್ಯವಾದ ತಿರುವು ಇವು ಯಾವುದೂ ಅಲ್ಲ. ಯುರೋಪಿಯನ್ ಮಷೀನ್ ವಿಷನ್ ಅಸೋಸಿಯೇಷನ್ 2006ರಲ್ಲಿ ಹೊರತಂದ ಜೆನ್‌ಐಕ್ಯಾಮ್ ಎಂಬ ತಂತ್ರಾಂಶ ಮಾನಕವೇ ಆ ತಿರುವು. ಎಕ್ಸ್‌ಪೋಷರ್, ಗೇನ್, ಟ್ರಿಗರ್ ಮುಂತಾದ ಗುಣಗಳನ್ನು ಎಲ್ಲ ಕ್ಯಾಮೆರಾಗಳೂ ಒಂದೇ ಹೆಸರಿನಿಂದ, ಒಂದೇ ರೀತಿಯಲ್ಲಿ ತೆರೆದಿಡಬೇಕೆಂದು ಅದು ಕಟ್ಟಳೆ ಮಾಡಿತು. ಅಲ್ಲಿಂದ ಮುಂದೆ, ಗಿಗ್‌ಇ ಕ್ಯಾಮೆರಾಕ್ಕೆ ಬರೆದ ಪ್ರೋಗ್ರಾಮು ಹೆಚ್ಚು ಬದಲಾವಣೆಯಿಲ್ಲದೆ ಯುಎಸ್‌ಬಿ ಕ್ಯಾಮೆರಾಕ್ಕೂ ನಡೆಯತೊಡಗಿತು. ತಂತ್ರಾಂಶದ ಭೇದ ಹೀಗೆ ಸವೆದ ಮೇಲೆ ಇಂಟರ್‌ಫೇಸ್‌ಗಳ ನಡುವೆ ಉಳಿದದ್ದು ಬಹುಮಟ್ಟಿಗೆ ಭೌತಿಕ ಭೇದ.

ಕೇಬಲಿನಿಂದ ಆರಂಭಿಸಬೇಕೆಂಬ ಈ ವಾದಕ್ಕೆ ಮೊದಲು ಎದುರಾಗುವ ಆಕ್ಷೇಪ, ವೇಗವೇ ಮೊದಲು ಎಂಬುದು. ಸಾಕಾಗುವಷ್ಟು ದತ್ತಾಂಶ ಹರಿಯದಿದ್ದರೆ ಕೇಬಲ್ ಎಷ್ಟು ಗಟ್ಟಿಯಾಗಿದ್ದರೇನು? ಆಕ್ಷೇಪದಲ್ಲಿ ಹುರುಳಿದೆ, ಲೆಕ್ಕ ಹಾಕಿಯೇ ನೋಡಬೇಕು. 2448×2048 ಪಿಕ್ಸೆಲ್‌ಗಳ ಸಂವೇದಕ 8 ಬಿಟ್‌ನಲ್ಲಿ ಒಂದು ಚಿತ್ರಕ್ಕೆ ಸುಮಾರು 50 ಲಕ್ಷ ಬೈಟ್ ಕೊಡುತ್ತದೆ. ಗಿಗಾಬಿಟ್ ಈಥರ್ನೆಟ್‌ನಲ್ಲಿ ನಿಜವಾಗಿ ಸಿಗುವುದು ಸೆಕೆಂಡಿಗೆ 115ರಿಂದ 120 ಮೆಗಾಬೈಟ್, ಎಂದರೆ ಇಪ್ಪತ್ತಮೂರು ಇಪ್ಪತ್ನಾಲ್ಕು ಚಿತ್ರ. 5 ಗಿಗಾಬಿಟ್ ಯುಎಸ್‌ಬಿಯಲ್ಲಿ ಪ್ರತಿ 8 ಬಿಟ್‌ಗೆ 10 ಬಿಟ್ ಕಳಿಸುವ ಸಂಕೇತೀಕರಣದಿಂದಲೇ ಐದನೇ ಒಂದು ಭಾಗ ಹೋಗುತ್ತದೆ. ಉಳಿದ ಖರ್ಚುಗಳನ್ನು ಕಳೆದರೆ ಸುಮಾರು 375 ಮೆಗಾಬೈಟ್, ಎಂದರೆ 75 ಚಿತ್ರ. ಕೋಆಕ್ಸ್‌ಪ್ರೆಸ್‌ನ 6.25 ಗಿಗಾಬಿಟ್ ಕೇಬಲ್ ಒಂದರಲ್ಲಿ ಸುಮಾರು 120 ಚಿತ್ರ. 12 ಬಿಟ್ ಬೇಕೆಂದು ಪ್ರತಿ ಪಿಕ್ಸೆಲನ್ನು ಎರಡು ಬೈಟ್‌ಗಳಲ್ಲಿ ಇಟ್ಟರೆ ಈ ಎಲ್ಲ ಸಂಖ್ಯೆಗಳೂ ಅರ್ಧಕ್ಕಿಳಿಯುತ್ತವೆ. ಕ್ಯಾಮೆರಾದೊಳಗೇ ಬಣ್ಣ ಬಿಡಿಸಿ ಮೂರು ಬೈಟ್ ಕಳಿಸಿದರೆ ಮೂರರಲ್ಲೊಂದಕ್ಕೆ. ಲೈನ್ ಸ್ಕ್ಯಾನ್ ಕ್ಯಾಮೆರಾಗಳ ಹಸಿವು ಇನ್ನೂ ದೊಡ್ಡದು. 8192 ಪಿಕ್ಸೆಲ್‌ಗಳ ಒಂದು ಗೆರೆಯನ್ನು ಸೆಕೆಂಡಿಗೆ ಒಂದು ಲಕ್ಷ ಸಲ ಓದಿದರೆ 819 ಮೆಗಾಬೈಟ್ ಆಗುತ್ತದೆ. 850 ಮೆಗಾಬೈಟ್ ಸಾಗಿಸುವ 80 ಬಿಟ್ ಕ್ಯಾಮೆರಾ ಲಿಂಕ್‌ಗೆ ಅದು ಕಂಠಮಟ್ಟ. ಇಷ್ಟು ಲೆಕ್ಕ ಅರ್ಧ ಗಂಟೆಯ ಕೆಲಸ. ಆದರೆ ಈ ಲೆಕ್ಕ ಯಾವುದು ಆಗದು ಎಂದು ಹೇಳಬಲ್ಲದೇ ಹೊರತು ಯಾವುದು ಬೇಕು ಎಂದು ಹೇಳಲಾರದು. ಸೆಕೆಂಡಿಗೆ ಇಪ್ಪತ್ತು ಚಿತ್ರ ಸಾಕಾದ ತಪಾಸಣೆಗೆ ಮೇಲಿನ ಎಲ್ಲ ದಾರಿಗಳೂ ತೆರೆದೇ ಇರುತ್ತವೆ, ಮತ್ತು ಕಾರ್ಖಾನೆಗಳ ಬಹುಪಾಲು ತಪಾಸಣೆಗಳು ಈ ಬಗೆಯವೇ. ವೇಗದ ಜರಡಿ ಹಿಡಿದ ನಂತರವೂ ಎರಡು ಮೂರು ಅಭ್ಯರ್ಥಿಗಳು ಉಳಿಯುತ್ತವೆ. ತೀರ್ಪು ಹೇಳಬೇಕಾದದ್ದು ಅಲ್ಲಿಂದ ಮುಂದೆ.

ಮೊದಲ ಪ್ರಶ್ನೆ ಉದ್ದ. ತಾಮ್ರದಲ್ಲಿ ಸಂಕೇತದ ಆವರ್ತನ ಏರಿದಂತೆ ವಿದ್ಯುತ್ತು ವಾಹಕದ ಮೇಲ್ಪದರಕ್ಕೆ ಸರಿದು, ಹರಿಯಲು ಸಿಗುವ ಜಾಗ ಕಿರಿದಾಗುತ್ತದೆ. ಹಾಗಾಗಿ ನಷ್ಟ ಸ್ಥೂಲವಾಗಿ ಆವರ್ತನದ ವರ್ಗಮೂಲದಂತೆ ಬೆಳೆಯುತ್ತದೆ. ಆವರ್ತನ ನಾಲ್ಕು ಪಟ್ಟಾದರೆ ಡೆಸಿಬೆಲ್ ಲೆಕ್ಕದಲ್ಲಿ ನಷ್ಟ ಇಮ್ಮಡಿ. ವೇಗಕ್ಕೂ ಉದ್ದಕ್ಕೂ ಇರುವ ಹಗೆತನದ ಮೂಲ ಇದು. ಕೋಆಕ್ಸ್‌ಪ್ರೆಸ್‌ನಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ: 7 ಮಿಲಿಮೀಟರ್ ದಪ್ಪದ, ಒಳ್ಳೆಯ ಗುಣಮಟ್ಟದ 75 ಓಮ್ ಕೇಬಲ್ 3.125 ಗಿಗಾಬಿಟ್‌ನಲ್ಲಿ ಸುಮಾರು 100 ಮೀಟರ್ ಹೋದರೆ, ಅದೇ ಕೇಬಲ್ 6.25ರಲ್ಲಿ ಸುಮಾರು 40 ಮೀಟರಿಗೆ ಸುಸ್ತಾಗುತ್ತದೆ. ಕ್ಯಾಮೆರಾ ಲಿಂಕ್‌ನ 10 ಮೀಟರ್ ಮಿತಿಗೆ ಕಾರಣ ಬೇರೆ. ಅದರಲ್ಲಿ ದತ್ತಾಂಶದ ನಾಲ್ಕು ಜೋಡಿ ತಂತಿಗಳೂ ಗಡಿಯಾರ ಸಂಕೇತದ ಒಂದು ಜೋಡಿಯೂ ಪಕ್ಕಪಕ್ಕದಲ್ಲಿ ಓಡುತ್ತವೆ. 85 ಮೆಗಾಹರ್ಟ್ಸ್‌ನಲ್ಲಿ ಪ್ರತಿ ಜೋಡಿಯಲ್ಲೂ ಸೆಕೆಂಡಿಗೆ 595 ಮೆಗಾಬಿಟ್. ಒಂದು ಜೋಡಿ ಇನ್ನೊಂದಕ್ಕಿಂತ ಎಳ್ಳಷ್ಟು ಉದ್ದವಾದರೂ ಬಿಟ್‌ಗಳು ಗಡಿಯಾರದೊಂದಿಗೆ ಹೊಂದದೆ ಚಿತ್ರದಲ್ಲಿ ಚುಕ್ಕೆಗಳು ಹುಟ್ಟುತ್ತವೆ. ಯುಎಸ್‌ಬಿ 3ರ ಮಾನಕ ಉದ್ದವನ್ನು ನೇರವಾಗಿ ಹೇಳದೆ ನಷ್ಟದ ಮಿತಿಯನ್ನು ಮಾತ್ರ ಹೇಳುತ್ತದೆ. ಸಾಮಾನ್ಯ ಕೇಬಲಿನಲ್ಲಿ ಅದು ಮೂರು ಮೀಟರಿಗೆ ಮುಗಿಯುತ್ತದೆ, ತುಂಬ ಚೆನ್ನಾಗಿ ಮಾಡಿದರೆ ಐದರ ಆಸುಪಾಸಿಗೆ.

ಈಥರ್ನೆಟ್‌ನ 100 ಮೀಟರ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪಾಗಿ ಓದಲಾಗುವ ಅಂಕಿ ಅದು. ಆ ನೂರು ಮೀಟರ್ ಕಟ್ಟಡಗಳ ತಂತಿಜಾಲಕ್ಕೆ ಹೇಳಿದ ಮಾತು. ಗೋಡೆಯೊಳಗೆ ಅಲುಗಾಡದೆ ಮಲಗಿರುವ, ಒಂದೇ ಗಟ್ಟಿ ತಂತಿಯ ವಾಹಕವಿರುವ ಕೇಬಲ್ 90 ಮೀಟರ್, ಎರಡು ತುದಿಗಳಲ್ಲಿ ಎಳೆತಂತಿಯ ಮೃದು ಕೇಬಲ್ ಒಟ್ಟು 10 ಮೀಟರ್. ಎಳೆತಂತಿಯ ಕೇಬಲಿನಲ್ಲಿ ಅಷ್ಟೇ ಉದ್ದಕ್ಕೆ ನಷ್ಟ ಶೇ 20ರಿಂದ 50ರಷ್ಟು ಹೆಚ್ಚು ಎಂದು ಮಾನಕಗಳೇ ಲೆಕ್ಕ ಹಿಡಿಯುತ್ತವೆ. ಯಂತ್ರದ ಮೇಲೆ ಸದಾ ಬಾಗುತ್ತಿರಬೇಕಾದ ಕೇಬಲ್ ಪೂರ್ತಿ ಎಳೆತಂತಿಯದ್ದೇ ಆಗಿರುತ್ತದೆ, ಬಹಳ ಸಲ ಇನ್ನೂ ತೆಳು ವಾಹಕದ್ದು. ಅದಕ್ಕೆ ನೂರು ಮೀಟರಿನ ಭರವಸೆ ಅನ್ವಯಿಸುವುದಿಲ್ಲ. ಆದ್ದರಿಂದ 'ಗಿಗ್‌ಇ ಎಂದರೆ ನೂರು ಮೀಟರ್' ಎಂಬ ಮಾತನ್ನು 'ಯಾವ ಕೇಬಲಿನಲ್ಲಿ?' ಎಂದು ಕೇಳದೆ ಒಪ್ಪಬಾರದು. ಚಲಿಸುವ ಭಾಗಕ್ಕೆ ಮಾತ್ರ ಮೃದು ಕೇಬಲ್ ಹಾಕಿ, ಸ್ಥಿರವಾದ ಉದ್ದಕ್ಕೆ ಗಟ್ಟಿ ತಂತಿಯ ಕೇಬಲ್ ಎಳೆದು, ನಡುವೆ ಒಂದು ಒಳ್ಳೆಯ ಜೋಡಣೆ ಇಡುವುದು ಸರಿಯಾದ ಕ್ರಮ. ಸವೆಯುವ ತುಂಡನ್ನು ಮಾತ್ರ ಬದಲಿಸುವ ಅನುಕೂಲವೂ ಅದರಿಂದ ದೊರೆಯುತ್ತದೆ.

ಉದ್ದದ ಜೊತೆಗೇ ವಿದ್ಯುತ್ ಪೂರೈಕೆಯ ಪ್ರಶ್ನೆ ಏಳುತ್ತದೆ. ದತ್ತಾಂಶದ ಕೇಬಲಿನಲ್ಲೇ ವಿದ್ಯುತ್ತನ್ನೂ ಕಳಿಸಿದರೆ ಒಂದು ಕೇಬಲ್ ಉಳಿಯುತ್ತದೆ, ಇದು ದೊಡ್ಡ ಅನುಕೂಲವೇ. ಆದರೆ ಯಾವ ವೋಲ್ಟೇಜಿನಲ್ಲಿ ಕಳಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. 3 ವಾಟ್ ಕ್ಯಾಮೆರಾ ಯುಎಸ್‌ಬಿಯ 5 ವೋಲ್ಟ್‌ನಲ್ಲಿ 0.6 ಆಂಪಿಯರ್ ಎಳೆಯುತ್ತದೆ. ಕೇಬಲಿನ ವಿದ್ಯುತ್ ತಂತಿ 28 ಗೇಜಿನದ್ದಾದರೆ, ಐದು ಮೀಟರ್ ಹೋಗಿ ಐದು ಮೀಟರ್ ಬರುವ ದಾರಿಯ ರೋಧ ಸುಮಾರು 2.1 ಓಮ್. ದಾರಿಯಲ್ಲೇ 1.3 ವೋಲ್ಟ್ ಕಳೆದು ಕ್ಯಾಮೆರಾ ತಲುಪುವುದು 3.7 ವೋಲ್ಟ್. ಕ್ಯಾಮೆರಾದೊಳಗಿನ ನಿಯಂತ್ರಕ ಈ ಕೊರತೆಯನ್ನು ತುಂಬಿಕೊಳ್ಳಲು ಇನ್ನೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ, ವೋಲ್ಟೇಜ್ ಇನ್ನೂ ಕುಸಿಯುತ್ತದೆ. ಕ್ಯಾಮೆರಾ ಸುಮ್ಮನಿದ್ದಾಗ ಸರಿಯಾಗಿದ್ದು, ಪೂರ್ಣ ವೇಗದಲ್ಲಿ ಚಿತ್ರ ತೆಗೆಯಲು ತೊಡಗಿದಾಗ ಮಾತ್ರ ಸಂಪರ್ಕ ಕಡಿದುಕೊಳ್ಳುವ ವಿಚಿತ್ರ ವರ್ತನೆಗೆ ಎಷ್ಟೋ ಸಲ ಇದೇ ಕಾರಣ, ತಂತ್ರಾಂಶವಲ್ಲ. 24 ಗೇಜಿನ ದಪ್ಪ ತಂತಿಯಲ್ಲಿ ಇದೇ ನಷ್ಟ ಅರ್ಧ ವೋಲ್ಟಿಗೆ ಇಳಿಯುತ್ತದೆ. ಈಥರ್ನೆಟ್ ಮೂಲಕ ಸುಮಾರು 48 ವೋಲ್ಟ್‌ನಲ್ಲಿ ಅದೇ 3 ವಾಟ್ ಕಳಿಸಿದರೆ ಹರಿಯುವುದು 0.06 ಆಂಪಿಯರಿಗಿಂತ ತುಸು ಹೆಚ್ಚು. ಐವತ್ತು ಮೀಟರ್ ದೂರದಲ್ಲೂ ನಷ್ಟ ಕಾಲು ವೋಲ್ಟ್ ಮಾತ್ರ. 2003ರ ಐಇಇಇ 802.3ಎಎಫ್ ಮಾನಕ ಮೂಲದಲ್ಲಿ 15.4 ವಾಟ್ ಇಟ್ಟು, ದಾರಿಯ ನಷ್ಟ ಕಳೆದು ತುದಿಯಲ್ಲಿ 12.95 ವಾಟ್ ಎಂದು ಪ್ರಾಮಾಣಿಕವಾಗಿ ಬರೆದುಕೊಂಡಿದೆ. ಕೋಆಕ್ಸ್‌ಪ್ರೆಸ್ 24 ವೋಲ್ಟ್‌ನಲ್ಲಿ ಪ್ರತಿ ಕೇಬಲಿಗೆ 13 ವಾಟ್ ಕೊಡುತ್ತದೆ. ಪೂರೈಕೆಯ ಇನ್ನೊಂದು ಮುಖ ಶಾಖ. ತಾಮ್ರದ ಜೋಡಿಗಳ ಮೇಲೆ 10 ಗಿಗಾಬಿಟ್ ಈಥರ್ನೆಟ್ ಓಡಿಸುವ ಚಿಪ್ ಹಲವು ವಾಟ್ ನುಂಗಿ ಕ್ಯಾಮೆರಾವನ್ನು ಬಿಸಿ ಮಾಡುತ್ತದೆ. ಸಂವೇದಕದ ತಾಪ ಆರೆಂಟು ಡಿಗ್ರಿ ಏರಿದರೆ ಕತ್ತಲೆಯಲ್ಲೂ ಹರಿಯುವ ಅದರ ಸೋರಿಕೆ ವಿದ್ಯುತ್ತು ಇಮ್ಮಡಿಯಾಗುತ್ತದೆ. ಇಂಟರ್‌ಫೇಸಿನ ಆಯ್ಕೆ ಹೀಗೆ ನೇರವಾಗಿ ಚಿತ್ರದ ಗುಣಕ್ಕೇ ಬಂದು ತಾಗುತ್ತದೆ.

ಕ್ಯಾಮೆರಾ ಒಂದೆಡೆ ನಿಂತಿದ್ದರೆ ಇಷ್ಟು ಸಾಕು. ರೋಬಾಟಿನ ಕೈಯ ಮೇಲೋ ಅತ್ತಿತ್ತ ಸರಿಯುವ ಚೌಕಟ್ಟಿನ ಮೇಲೋ ಕೂತರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ಎರಡು ಸೆಕೆಂಡಿಗೊಮ್ಮೆ ಹೋಗಿ ಬರುವ ಒಂದು ಅಕ್ಷವನ್ನು ತೆಗೆದುಕೊಳ್ಳಿ. ದಿನಕ್ಕೆ ಎರಡು ಪಾಳಿ, ಹದಿನಾರು ಗಂಟೆ, ವರ್ಷಕ್ಕೆ 300 ದಿನ ಓಡಿದರೆ ಕೇಬಲ್ ವರ್ಷಕ್ಕೆ 86 ಲಕ್ಷ ಸಲ ಬಾಗುತ್ತದೆ. ಐವತ್ತು ಲಕ್ಷ ಬಾಗುಗಳಿಗೆ ಖಾತರಿಯುಳ್ಳದ್ದು ಎಂದು ಹೆಮ್ಮೆಯಿಂದ ಮುದ್ರಿಸಿದ ಕೇಬಲ್ ಕೂಡ ಇಲ್ಲಿ ಏಳು ತಿಂಗಳಿಗೆ ತನ್ನ ಮಾತು ಮುಗಿಸುತ್ತದೆ. ಕಚೇರಿಯ ಸಾಮಾನ್ಯ ಕೇಬಲಿಗಂತೂ ಇಂಥ ಯಾವ ಖಾತರಿಯೂ ಇರುವುದಿಲ್ಲ. ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಮಡಿಸಿದ ಬೇಲಿತಂತಿ ತುಂಡಾಗುವಂತೆಯೇ ತಾಮ್ರ ಒಳಗೊಳಗೆ ಗಡುಸಾಗಿ ಮುರಿಯುತ್ತದೆ. ಇದನ್ನು ತಡೆಯಲು ಚಲನೆಗೆಂದೇ ಮಾಡಿದ ಕೇಬಲಿನಲ್ಲಿ ವಾಹಕವನ್ನು ಬಹಳ ಸಣ್ಣ ಎಳೆಗಳಿಂದ ಹೊಸೆದಿರುತ್ತಾರೆ. ಜೋಡಿಗಳು ಒಂದರ ಮೇಲೊಂದು ಜಾರಲು ನಡುವೆ ನುಣುಪಾದ ಪಟ್ಟಿ ಸುತ್ತಿರುತ್ತಾರೆ. ಬಾಗಿದರೆ ಬಿರಿಯುವ ಲೋಹದ ಹಾಳೆಯ ಬದಲು ಹೆಣೆದ ಜಾಲರಿಯ ಮೇಲೆ ಹೆಚ್ಚು ಭಾರ ಹಾಕಿರುತ್ತಾರೆ. ಹೊರಕವಚ ಪಿವಿಸಿಯ ಬದಲು ಎಣ್ಣೆ ಮತ್ತು ಉಜ್ಜುವಿಕೆಯನ್ನು ತಾಳುವ ಪಾಲಿಯುರೆಥೇನ್ ಆಗಿರುತ್ತದೆ. ಬಾಗುವ ತ್ರಿಜ್ಯ ಸಾಮಾನ್ಯವಾಗಿ ಕೇಬಲಿನ ಹೊರವ್ಯಾಸದ ಹತ್ತು ಪಟ್ಟಿಗಿಂತ ಕಡಿಮೆಯಾಗಬಾರದು. 7 ಮಿಲಿಮೀಟರ್ ಕೇಬಲಿಗೆ 70 ಮಿಲಿಮೀಟರ್. ಯಂತ್ರ ವಿನ್ಯಾಸಕಾರ ಕೇಬಲ್ ಸರಪಳಿಗೆ 50 ಮಿಲಿಮೀಟರ್ ತ್ರಿಜ್ಯ ಮಾತ್ರ ಬಿಟ್ಟಿದ್ದರೆ, ಆ ಯಂತ್ರದಲ್ಲಿ ಯಾವ ಇಂಟರ್‌ಫೇಸ್ ಸಾಧ್ಯ ಎಂಬುದನ್ನು ಕ್ಯಾಮೆರಾದ ಪುಸ್ತಿಕೆ ತೆರೆಯುವ ಮೊದಲೇ ಆತ ನಿರ್ಧರಿಸಿಬಿಟ್ಟಿದ್ದಾನೆ. ಬಾಗುವುದು ಬೇರೆ, ತಿರುಚುವುದು ಬೇರೆ ಎಂಬುದನ್ನೂ ಮರೆಯಬಾರದು. ಸರಪಳಿಯೊಳಗೆ ಒಂದೇ ಸಮತಲದಲ್ಲಿ ಬಾಗಲು ಮಾಡಿದ ಕೇಬಲ್ ರೋಬಾಟಿನ ಮಣಿಕಟ್ಟಿನಲ್ಲಿ ತಿರುಚಿಕೊಂಡು ಬೇಗ ಸಾಯುತ್ತದೆ. ಅಲ್ಲಿಗೆ, ಪ್ರತಿ ಮೀಟರಿಗೆ ಎಷ್ಟು ಡಿಗ್ರಿ ತಿರುಚಬಹುದೆಂದು ಸ್ಪಷ್ಟವಾಗಿ ಬರೆದಿರುವ ಕೇಬಲೇ ಬೇಕು. ಈ ಕಣದಲ್ಲಿ ಕ್ಯಾಮೆರಾ ಲಿಂಕ್‌ನ ದಪ್ಪ, ಬಹುಜೋಡಿ ಕೇಬಲ್ ತೀರಾ ಹಿಂದೆ ಬೀಳುತ್ತದೆ, ಅದರ ಹೆಚ್ಚು ವೇಗದ ಪೂರ್ಣ ಸಂರಚನೆಗೆ ಅಂಥವು ಎರಡು ಬೇಕಾಗುವುದರಿಂದ ಇನ್ನೂ ಹಿಂದೆ. ಒಂದೇ ವಾಹಕದ ಏಕಾಕ್ಷ ಕೇಬಲ್ ಮತ್ತು ನಾಲ್ಕು ಜೋಡಿಯ ಈಥರ್ನೆಟ್ ಕೇಬಲ್ ಮುಂದಿರುತ್ತವೆ.

ಕೇಬಲ್ ಮಧ್ಯದಲ್ಲಿ ಮುರಿಯುವುದಕ್ಕಿಂತ ತುದಿಯಲ್ಲಿ ಸೋಲುವುದೇ ಹೆಚ್ಚು. ಆರ್‌ಜೆ45 ಕನೆಕ್ಟರ್ ಕಚೇರಿಗಾಗಿ ಹುಟ್ಟಿದ್ದು. ಅದರ ಪ್ಲಾಸ್ಟಿಕ್ ಕೊಕ್ಕೆ ಕಂಪನಕ್ಕೆ ಸಡಿಲಾಗುತ್ತದೆ, ಮುರಿದರೆ ಕನೆಕ್ಟರ್ ತಾನಾಗಿ ಕಳಚಿಕೊಳ್ಳುತ್ತದೆ. ಹಾಸನ, ಚಿಕ್ಕಮಗಳೂರುಗಳ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ಬೀಜದ ಬಣ್ಣ ನೋಡಿ ಬೇರ್ಪಡಿಸುವ ಯಂತ್ರಗಳಿರುವಂಥ ಕಡೆ, ಎಡೆಬಿಡದ ಅದುರು ಮತ್ತು ನುಣ್ಣನೆಯ ಧೂಳಿನ ನಡುವೆ, ಬರಿಯ ಕೊಕ್ಕೆಯನ್ನು ನಂಬುವುದು ಸರಿಯಲ್ಲ. ಅದಕ್ಕಾಗಿಯೇ ಗಿಗ್‌ಇ ವಿಷನ್ ಕ್ಯಾಮೆರಾಗಳ ಬೆನ್ನಿನಲ್ಲಿ ಆರ್‌ಜೆ45 ಪಕ್ಕ ಎರಡು ತಿರುಪು ರಂಧ್ರಗಳಿರುತ್ತವೆ, ಯುಎಸ್‌ಬಿ3 ವಿಷನ್‌ನ ಮೈಕ್ರೋ-ಬಿ ಕನೆಕ್ಟರಿಗೂ ತಿರುಪುಗಳನ್ನು ಕಡ್ಡಾಯವೆಂಬಂತೆ ರೂಪಿಸಿದ್ದಾರೆ. ತಿರುಪು ಇದ್ದರೆ ಸಾಲದು, ಬಿಗಿಯಬೇಕು. ನೀರು ಚಿಮುಕುವ, ತೊಳೆಯುವ ಜಾಗಗಳಿಗೆ ವೃತ್ತಾಕಾರದ ಎಂ12 ಕನೆಕ್ಟರ್ ಸರಿ. ಗಿಗಾಬಿಟ್ ಮತ್ತು 10 ಗಿಗಾಬಿಟ್ ಈಥರ್ನೆಟ್‌ಗೆ ಎಂಟು ಸಂಪರ್ಕಗಳ ಎಕ್ಸ್-ಕೋಡ್ ಬಗೆ ಬೇಕು. ನಾಲ್ಕೇ ಸಂಪರ್ಕಗಳ ಡಿ-ಕೋಡ್ 100 ಮೆಗಾಬಿಟ್‌ಗೆ ನಿಲ್ಲುತ್ತದೆ. ಐಪಿ67 ಎಂಬ ರಕ್ಷಣೆಯ ಅಂಕಿ, ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಕೆಡದಿರುವ ಗುಣ, ಕನೆಕ್ಟರ್ ಪೂರ್ತಿ ಬಿಗಿದಾಗ ಮಾತ್ರ ನಿಜ. ಬಳಸದ ರಂಧ್ರಕ್ಕೆ ಮುಚ್ಚಳ ಹಾಕದೆ ಬಿಟ್ಟರೆ ಆ ಅಂಕಿಗೆ ಅರ್ಥವಿಲ್ಲ. ಕೋಆಕ್ಸ್‌ಪ್ರೆಸ್ ಲೋಕದಲ್ಲಿ ಬಿಎನ್‌ಸಿ, ಡಿನ್ 1.0/2.3, ಮೈಕ್ರೋ-ಬಿಎನ್‌ಸಿ ಎಂಬ ಮೂರು ಬಗೆ ಚಾಲ್ತಿಯಲ್ಲಿವೆ. 12.5 ಗಿಗಾಬಿಟ್‌ಗೆ ಮೂರನೆಯದು ರೂಢಿ. 50 ಓಮ್ ಬಿಎನ್‌ಸಿಯೂ 75 ಓಮ್ ಬಿಎನ್‌ಸಿಯೂ ನೋಡಲು ಹೆಚ್ಚುಕಡಿಮೆ ಒಂದೇ, ಒಂದಕ್ಕೊಂದು ಕೂಡಿಕೊಳ್ಳುವುದೂ ಉಂಟು. ಅನಲಾಗ್ ಕಾಲದಲ್ಲಿ ಇದರಿಂದ ಹೆಚ್ಚೇನೂ ಕೆಡುತ್ತಿರಲಿಲ್ಲ. ಗಿಗಾಬಿಟ್ ವೇಗದಲ್ಲಿ ಆ ಜೋಡಣೆಯ ಬಳಿ ಸಂಕೇತ ಪ್ರತಿಫಲಿಸಿ ದೋಷಗಳ ಸರಣಿಯೇ ಹುಟ್ಟುತ್ತದೆ. ಹಳೆಯ ಅನಲಾಗ್ ಕೇಬಲನ್ನೇ ಉಳಿಸಿಕೊಂಡು ಕೋಆಕ್ಸ್‌ಪ್ರೆಸ್‌ಗೆ ಬದಲಾಗಬಹುದು ಎಂಬ ಮಾತು ಕಡಿಮೆ ವೇಗಗಳಿಗೆ ನಿಜವಾದರೂ, ತೆಳು ಜಾಲರಿಯ, ತಾಮ್ರ ಲೇಪಿಸಿದ ಉಕ್ಕಿನ ತಂತಿಯ ಅಗ್ಗದ ಕೇಬಲಿಗೆ ಅನ್ವಯಿಸುವುದಿಲ್ಲ.

ಕಾರ್ಖಾನೆಯೆಂದರೆ ವಿದ್ಯುತ್ ಗದ್ದಲ. ಮೋಟಾರುಗಳ ವೇಗ ನಿಯಂತ್ರಿಸುವ ಡ್ರೈವ್‌ಗಳು, ವೆಲ್ಡಿಂಗ್ ಯಂತ್ರಗಳು ಅಡಿಗಡಿಗೆ ಚೂಪಾದ ವಿದ್ಯುತ್ ಮಿಡಿತಗಳನ್ನು ಸುತ್ತಲೂ ಹರಡುತ್ತವೆ. ಕ್ಯಾಮೆರಾ ಒಂದು ಭೂಸಂಪರ್ಕಕ್ಕೂ ಕಂಪ್ಯೂಟರ್ ಇನ್ನೊಂದಕ್ಕೂ ಸೇರಿದ್ದರೆ ಅವೆರಡರ ನಡುವಿನ ಭೇದ ಕೇಬಲಿನ ಕವಚದ ಮೂಲಕವೇ ಹರಿಯುತ್ತದೆ. ಈಥರ್ನೆಟ್‌ನಲ್ಲಿ ಪ್ರತಿ ತುದಿಯಲ್ಲೂ 1500 ವೋಲ್ಟ್ ತಾಳುವ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿದ್ದು, ಸಂಕೇತದ ತಂತಿಗಳನ್ನು ಬೇರ್ಪಡಿಸುತ್ತವೆ. ಯುಎಸ್‌ಬಿಯಲ್ಲಿ ಅಂಥ ಬೇರ್ಪಡಿಕೆ ಇಲ್ಲ. ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ: ದೋಷ ಬಂದರೇನು, ಇಂದಿನ ಶಿಷ್ಟಾಚಾರಗಳು ಅದನ್ನು ತಿದ್ದಿಕೊಳ್ಳುವುದಿಲ್ಲವೇ? ತಿದ್ದಿಕೊಳ್ಳುತ್ತವೆ, ಆದರೆ ಎಲ್ಲವೂ ಅಲ್ಲ, ಎಲ್ಲ ಸಂದರ್ಭದಲ್ಲೂ ಅಲ್ಲ. ಗಿಗ್‌ಇ ವಿಷನ್ ಕಳೆದ ಪೊಟ್ಟಣವನ್ನು ಮತ್ತೆ ಕೇಳುತ್ತದೆ. ಯುಎಸ್‌ಬಿ3 ತನ್ನಷ್ಟಕ್ಕೆ ಮರುಪ್ರಯತ್ನ ಮಾಡುತ್ತದೆ. ಕ್ಯಾಮೆರಾ ಲಿಂಕ್‌ನಲ್ಲಿ ಚಿತ್ರದ ದತ್ತಾಂಶಕ್ಕೆ ದೋಷ ಪತ್ತೆಯೇ ಇಲ್ಲ, ಕೆಟ್ಟ ಬಿಟ್ ಕೆಟ್ಟ ಪಿಕ್ಸೆಲ್ಲಾಗಿ ನೇರ ಒಳಗೆ ಬರುತ್ತದೆ. ಲಕ್ಷ ಕೋಟಿ ಬಿಟ್‌ಗಳಲ್ಲಿ ಒಂದು ಕೆಡಬಹುದು ಎಂಬ ಪ್ರಮಾಣ ಕೇಳಲು ಸಣ್ಣದು. ಸೆಕೆಂಡಿಗೆ 12.5 ಗಿಗಾಬಿಟ್ ಹರಿಯುವಾಗ ಅದರ ಅರ್ಥ ಎಂಬತ್ತು ಸೆಕೆಂಡಿಗೊಂದು ದೋಷ, ನಾಲ್ಕು ಕೇಬಲ್‌ಗಳ ಕ್ಯಾಮೆರಾದಲ್ಲಿ ಇಪ್ಪತ್ತು ಸೆಕೆಂಡಿಗೊಂದು. ಅಂಚಿನಲ್ಲಿರುವ ಕೇಬಲ್ ಈ ಪ್ರಮಾಣವನ್ನು ಸಲೀಸಾಗಿ ಸಾವಿರ ಪಟ್ಟು ಏರಿಸಬಲ್ಲದು. ಮರುಕಳಿಸುವಿಕೆಗೂ ಬೆಲೆಯಿದೆ: ಅದು ಸಮಯ ತಿನ್ನುತ್ತದೆ, ಕ್ಯಾಮೆರಾದ ಸ್ಮೃತಿಯಲ್ಲಿ ಆ ಚಿತ್ರ ಇನ್ನೂ ಉಳಿದಿದ್ದರೆ ಮಾತ್ರ ಫಲಿಸುತ್ತದೆ. ತಿರಸ್ಕರಿಸುವ ಗಾಳಿಯ ಕೊಳವೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಚಿಮ್ಮಬೇಕಾದ ಸಾಲಿನಲ್ಲಿ ತಡವಾಗಿ ಬಂದ ಸರಿ ಚಿತ್ರವೂ ಬಾರದ ಚಿತ್ರವೂ ಒಂದೇ. ಎಲ್ಲಕ್ಕಿಂತ ಕೆಟ್ಟದ್ದು, ತಿದ್ದುವಿಕೆ ಕೇಬಲಿನ ಕಾಯಿಲೆಯನ್ನು ಮುಚ್ಚಿಡುತ್ತದೆ. ಗಿಗಾಬಿಟ್ ಈಥರ್ನೆಟ್‌ನ ನಾಲ್ಕು ಜೋಡಿಗಳಲ್ಲಿ ಒಂದು ಸಡಿಲಾದಾಗ ಅನೇಕ ಸಾಧನಗಳು ಸದ್ದಿಲ್ಲದೆ 100 ಮೆಗಾಬಿಟ್‌ಗೆ ಇಳಿದು ಕೆಲಸ ಮುಂದುವರಿಸುತ್ತವೆ. ಚಿತ್ರಗಳ ವೇಗ ಹತ್ತರಲ್ಲೊಂದಾದಾಗ ಜನ ಪ್ರೋಗ್ರಾಮನ್ನು ದೂರುತ್ತಾರೆ. ಆದ್ದರಿಂದ ಮರುಕಳಿಸಿದ ಪೊಟ್ಟಣಗಳ ಲೆಕ್ಕವನ್ನು ತಂತ್ರಾಂಶದಿಂದ ಓದಿ ದಿನವೂ ದಾಖಲಿಸುವುದು ಅಗತ್ಯ. ಆ ಲೆಕ್ಕ ನಿಧಾನವಾಗಿ ಏರುತ್ತಿದ್ದರೆ ಕೇಬಲ್ ಸಾಯುತ್ತಿದೆ ಎಂದರ್ಥ.

ಹಾಗಾದರೆ ಎಲ್ಲಕ್ಕೂ ದ್ಯುತಿತಂತು ಹಾಕಿದರೆ ಆಯಿತಲ್ಲ ಎಂದು ಕೇಳಬಹುದು. ಉದ್ದ, ಗದ್ದಲ, ಭೂಸಂಪರ್ಕ ಈ ಮೂರೂ ಒಂದೇ ಏಟಿಗೆ ಬಗೆಹರಿಯುವುದು ನಿಜ. ಕ್ಯಾಮೆರಾ ಲಿಂಕ್ ಎಚ್‌ಎಸ್, 10 ಗಿಗಾಬಿಟ್ ಮತ್ತು ಅದರಾಚೆಯ ಈಥರ್ನೆಟ್, ದ್ಯುತಿತಂತುವಿನ ಮೇಲಿನ ಕೋಆಕ್ಸ್‌ಪ್ರೆಸ್ ಎಲ್ಲವೂ ಆ ಕಡೆಗೇ ನಡೆದಿವೆ. ನೂರಾರು ಮೀಟರ್ ದೂರದ ಉಕ್ಕಿನ ಹಾಳೆ ತಪಾಸಣೆಗೆ, ದೊಡ್ಡ ವೆಲ್ಡಿಂಗ್ ಘಟಕಗಳಿಗೆ ಬೇರೆ ದಾರಿ ಹುಡುಕುವುದೇ ವ್ಯರ್ಥ. ಆದರೆ ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲ, ಕ್ಯಾಮೆರಾಕ್ಕೆ ಇನ್ನೊಂದು ತಾಮ್ರದ ಕೇಬಲ್ ಹೇಗೂ ಬೇಕು. ಏಕವಿಧ ತಂತುವಿನಲ್ಲಿ ಬೆಳಕು ಹರಿಯುವ ತಿರುಳು ಸುಮಾರು 9 ಮೈಕ್ರಾನ್, ಬಹುವಿಧ ತಂತುವಿನಲ್ಲಿ 50. ಕನೆಕ್ಟರಿನ ತುದಿಯಲ್ಲಿ ಕೂತ ಒಂದು ಧೂಳಿನ ಕಣ ಅದನ್ನು ಮುಚ್ಚಿಬಿಡಬಲ್ಲದು. ರಾತ್ರಿ ಪಾಳಿಯ ಮೆಕ್ಯಾನಿಕ್ ಆರ್‌ಜೆ45 ತುದಿಯೊಂದನ್ನು ಹತ್ತು ನಿಮಿಷದಲ್ಲಿ ಹೊಸದಾಗಿ ಒತ್ತಿ ಕೂರಿಸಬಲ್ಲ. ಮುರಿದ ತಂತುವನ್ನು ಬೆಸೆಯಲು ಬೇರೆಯೇ ಉಪಕರಣ, ಬೇರೆಯೇ ತರಬೇತಿ ಬೇಕು. ದುರಸ್ತಿ ಮಾಡುವವರ ಕೈಗೆ ಏನು ಸಾಧ್ಯ ಎಂಬುದೂ ಆಯ್ಕೆಯ ಭಾಗವೇ. ಇನ್ನೊಂದು ತುದಿಯಲ್ಲಿ, ಸಂವೇದಕವನ್ನೂ ಸಂಸ್ಕಾರಕವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮೊಬೈಲ್ ಫೋನ್ ಲೋಕದ ಮಿಪಿ ಸಿಎಸ್‌ಐ-2 ಸಂಪರ್ಕದಿಂದ ಜೋಡಿಸುವ ಪದ್ಧತಿ ಬೆಳೆಯುತ್ತಿದೆ. ಅದರ ವ್ಯಾಪ್ತಿ ಮೂವತ್ತು ಸೆಂಟಿಮೀಟರಿನ ಸುತ್ತಮುತ್ತ. ಹೆಚ್ಚು ದೂರ ಬೇಕಾದರೆ ಕಾರುಗಳಿಗಾಗಿ ಬಂದ ಜಿಎಂಎಸ್‌ಎಲ್, ಎಫ್‌ಪಿಡಿ-ಲಿಂಕ್ ಮೂಲಕ ಏಕಾಕ್ಷ ಕೇಬಲಿನಲ್ಲಿ ಹದಿನೈದು ಮೀಟರ್ ಹೋಗಬಹುದು. ಚಿತ್ರದ ಬದಲು ತೀರ್ಪನ್ನಷ್ಟೇ ಹೊರಗೆ ಕಳಿಸುವ ಇಂಥ ವ್ಯವಸ್ಥೆಗಳಲ್ಲಿ ಕೇಬಲಿನ ಹೊರೆ ಇಳಿಯುತ್ತದೆ. ಆದರೆ ತಪ್ಪಾಗಿ ತಿರಸ್ಕೃತವಾದ ವಸ್ತುವಿನ ಮೂಲ ಚಿತ್ರ ನೋಡಬೇಕೆಂದು ಗುಣಮಟ್ಟ ವಿಭಾಗ ಕೇಳಿದ ದಿನ ಹೊರೆ ಹಿಂದಿರುಗುತ್ತದೆ.

ಉಳಿದದ್ದು ಹಣದ ಆಕ್ಷೇಪ. ಕೈಗಾರಿಕಾ ಕೇಬಲ್ ಕಚೇರಿ ಕೇಬಲಿಗಿಂತ ಹಲವು ಪಟ್ಟು ದುಬಾರಿ, ಪರೀಕ್ಷೆಯ ಮೇಜಿನ ಮೇಲೆ ಎರಡೂ ಒಂದೇ ಚಿತ್ರ ಕೊಡುತ್ತವೆ, ಮತ್ತೇಕೆ ಹೆಚ್ಚು ಕೊಡಬೇಕು? ನಿಂತ ಕ್ಯಾಮೆರಾ, ಐದಾರು ಮೀಟರ್ ದೂರ, ಶುಚಿಯಾದ ಕೋಣೆ ಆದರೆ ನಿಜಕ್ಕೂ ಬೇಡ. ತಿರುಪಿನ ಕನೆಕ್ಟರ್ ಉಳ್ಳ ಸಾಧಾರಣ ಈಥರ್ನೆಟ್ ಕೇಬಲ್ ಅಲ್ಲಿ ಧಾರಾಳ ಸಾಕು. ಕೇಬಲ್ ಮುಖ್ಯವೆಂದರೆ ಎಲ್ಲೆಡೆ ದುಬಾರಿ ಕೇಬಲ್ ಎಂದಲ್ಲ. ಆದರೆ ಮೇಜಿನ ಮೇಲಿನ ಪರೀಕ್ಷೆ ಬಾಗುವಿಕೆಯನ್ನೂ ಶಾಖವನ್ನೂ ಡ್ರೈವ್‌ಗಳ ಗದ್ದಲವನ್ನೂ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅದರಲ್ಲಿ ಪಾಸಾದದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ಕೇಬಲನ್ನು ಅದರ ಅಂತಿಮ ದಾರಿಯಲ್ಲಿ ಎಳೆದು, ಯಂತ್ರದ ಎಲ್ಲ ಮೋಟಾರುಗಳೂ ಓಡುತ್ತಿರುವಾಗ, ಅತಿ ಹೆಚ್ಚಿನ ಚಿತ್ರವೇಗದಲ್ಲಿ ಕನಿಷ್ಠ ಒಂದು ಪೂರ್ಣ ಪಾಳಿ ದೋಷಗಳ ಎಣಿಕೆ ನೋಡಿದರೆ ಅದು ಪರೀಕ್ಷೆ. ಹೊಸ ವ್ಯವಸ್ಥೆಗೆ ಇಂಟರ್‌ಫೇಸ್ ಆರಿಸುವವರು ಕ್ಯಾಮೆರಾ ಆರ್ಡರ್ ಮಾಡುವ ಮೊದಲು ಯಂತ್ರದ ನಕ್ಷೆಯ ಮೇಲೆ ಕೇಬಲಿನ ದಾರಿಯನ್ನು ಗೆರೆ ಎಳೆದು ತೋರಿಸಲಿ: ಒಟ್ಟು ಉದ್ದ ಎಷ್ಟು, ಎಲ್ಲಿ ಬಾಗುತ್ತದೆ, ಅತಿ ಸಣ್ಣ ತ್ರಿಜ್ಯ ಯಾವುದು, ವರ್ಷಕ್ಕೆ ಎಷ್ಟು ಲಕ್ಷ ಸಲ, ವಿದ್ಯುತ್ ಕೇಬಲ್‌ಗಳಿಂದ ಎಷ್ಟು ದೂರ, ಕ್ಯಾಮೆರಾದ ಬೆನ್ನಿನ ಹಿಂದೆ ಕನೆಕ್ಟರಿಗೂ ಅದರ ಮೊದಲ ಬಾಗಿಗೂ ಎಷ್ಟು ಜಾಗ ಉಳಿದಿದೆ. ಚಲಿಸುವ ತುಂಡಿನ ಭಾಗಸಂಖ್ಯೆಯನ್ನೂ ಅದನ್ನು ಬದಲಿಸಬೇಕಾದ ಅವಧಿಯನ್ನೂ ನಿರ್ವಹಣಾ ಪುಸ್ತಕದಲ್ಲಿ ಬರೆದು, ಅಂಥದ್ದೇ ಇನ್ನೊಂದನ್ನು ಉಗ್ರಾಣದಲ್ಲಿ ಇಟ್ಟಿರಲಿ.